ಗೋಪುರಕ್ಕೆ ದರಪಟ್ಟಿ, ಮೊಬೈಲಿಗೆ ಚೌಕಾಸಿ

ಗೋಕರ್ಣದ ಜಯಂತ ಕಾಯ್ಕಿಣಿಯವರು ಬರೆದ ಸಿನಿಮಾ ಹಾಡೊಂದು ಮಂಗಳೂರಿನ ಖಾಸಗಿ ಎಫ್‌ಎಂನಲ್ಲಿ ಬಂದರೆ, ಅದಕ್ಕೆ ಎಷ್ಟು ಹಣ ಕಟ್ಟಬೇಕೆಂದು ಗೊತ್ತುಮಾಡಲು ಕಾನೂನಿನಲ್ಲಿ ದಾರಿಯಿದೆ. ಅದೇ ಹಾಡನ್ನು ಕುಮಟಾ ಪೇಟೆಯ ಮಾಳಿಗೆ ಕೋಣೆಯಲ್ಲಿ ಇಬ್ಬರು ಹುಡುಗರು ಲ್ಯಾಪ್‌ಟಾಪ್ ಇಟ್ಟುಕೊಂಡು ಇಂಟರ್‌ನೆಟ್ ರೇಡಿಯೋದಲ್ಲಿ ಹಾಕಿದರೆ, ಹೊನ್ನಾವರದ ಅಂಗಡಿಯವರೂ ದುಬೈಯಲ್ಲಿರುವ ಭಟ್ಕಳದವರೂ ಮೊಬೈಲಿನಲ್ಲಿ ಕೇಳಿಸಿಕೊಂಡರೆ, ಆ ದಾರಿ ಬಂದ್. ಆಗ ಮ್ಯೂಸಿಕ್ ಕಂಪನಿ ಹೇಳಿದ್ದೇ ದರ. ಹಾಡು ಒಂದೇ, ಕೇಳುವ ಕಿವಿಯೂ ಒಂದೇ. ಒಂದು ಗೋಪುರದಿಂದ ಬಂತು, ಇನ್ನೊಂದು ತಂತಿಯಿಂದ ಬಂತು ಎನ್ನುವುದಷ್ಟೇ ವ್ಯತ್ಯಾಸ.

ಕಾನೂನಿನ ಕಥೆಯನ್ನು ಸ್ವಲ್ಪ ಹೇಳಲೇಬೇಕು. 2010ರ ಆಗಸ್ಟ್‌ನಲ್ಲಿ ಕಾಪಿರೈಟ್ ಮಂಡಳಿಯು ಎಫ್‌ಎಂ ಕೇಂದ್ರಗಳು ತಮ್ಮ ನಿವ್ವಳ ಜಾಹೀರಾತು ಆದಾಯದ ಶೇ. 2ರಷ್ಟನ್ನು ರಾಯಧನವಾಗಿ ಕೊಟ್ಟರೆ ಸಾಕೆಂದು ಆದೇಶ ಮಾಡಿತು. ಗಳಿಸಿದಷ್ಟಕ್ಕೆ ತಕ್ಕ ಹಾಗೆ ಕೊಡು ಎಂಬ ಲೆಕ್ಕ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯಾಗಿ 31ಡಿ ಎಂಬ ಕಲಮು ಸೇರಿತು. ಪ್ರಸಾರ ಮಾಡುವವರು ಮೊದಲೇ ನೋಟಿಸ್ ಕೊಟ್ಟು, ನಿಗದಿಯಾದ ಹಣವನ್ನು ಮುಂಗಡ ಕಟ್ಟಿ, ಯಾರ ಅಪ್ಪಣೆಗೂ ಕಾಯದೆ ಹಾಡು ಹಾಕಬಹುದು. ರೇಡಿಯೋಕ್ಕೆ ಬೇರೆ ದರ, ಟಿವಿಗೆ ಬೇರೆ ದರ ಎಂದು ಕಲಮಿನಲ್ಲಿದೆ. ಇಂಟರ್‌ನೆಟ್ಟಿನ ಹೆಸರಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯದ ಇಲಾಖೆಯೊಂದು ಇಂಟರ್‌ನೆಟ್ ಪ್ರಸಾರವೂ ಇದರಲ್ಲಿ ಸೇರುತ್ತದೆ ಎಂದು ಜ್ಞಾಪನಪತ್ರ ಹೊರಡಿಸಿತು. ಆ ಭರವಸೆ ಬಹಳ ದಿನ ಬಾಳಲಿಲ್ಲ. ಟಿಪ್ಸ್ ಎಂಬ ಮ್ಯೂಸಿಕ್ ಕಂಪನಿಗೂ ಏರ್‌ಟೆಲ್‌ನವರ ವಿಂಕ್ ಆಪ್‌ಗೂ ವ್ಯಾಜ್ಯ ನಡೆದು, 2019ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ 31ಡಿ ಇರುವುದು ರೇಡಿಯೋ, ಟಿವಿಗೆ ಮಾತ್ರ ಎಂದಿತು. 2022ರ ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು.

ಕೋಣಗಳ ಕಾಳಗದಲ್ಲಿ ಗಿಡಕ್ಕೆ ಸಾವು ಎನ್ನುವುದು ಇದಕ್ಕೇ. ವಿಂಕ್ ಆಪ್‌ನಲ್ಲಿ ಬೇಕಾದ ಹಾಡನ್ನು ಬೇಕಾದಾಗ ಹಾಕಿಕೊಳ್ಳಬಹುದಿತ್ತು, ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಲೂಬಹುದಿತ್ತು. ಅದು ಅಂಗಡಿ ವ್ಯಾಪಾರ. ಇಂಟರ್‌ನೆಟ್ ರೇಡಿಯೋದಲ್ಲಿ ನಿರೂಪಕಿ ಹಾಕಿದ್ದನ್ನು ಕೇಳಬೇಕು, ಮುಂದಿನ ಹಾಡು ಯಾವುದೆಂದು ಕೇಳುಗನಿಗೆ ಗೊತ್ತಿಲ್ಲ, ಹಿಂದಕ್ಕೆ ತಿರುಗಿಸುವ ಹಾಗಿಲ್ಲ. ಅದು ಅಪ್ಪಟ ರೇಡಿಯೋ. ಕಾನೂನು ಗೆರೆ ಎಳೆಯಬೇಕಿದ್ದದ್ದು ಇಲ್ಲಿ. ಎಳೆದದ್ದು ಗೋಪುರ ಮತ್ತು ತಂತಿಯ ನಡುವೆ. 2021ರ ಜುಲೈಯಲ್ಲಿ ವಾಣಿಜ್ಯ ಖಾತೆಯ ಸಂಸದೀಯ ಸ್ಥಾಯಿ ಸಮಿತಿ ಡಿಜಿಟಲ್ ಪ್ರಸಾರಕರನ್ನೂ 31ಡಿಯೊಳಗೆ ತರಬೇಕೆಂದು ಶಿಫಾರಸು ಮಾಡಿತ್ತು. ಇಂಟರ್‌ನೆಟ್ ರೇಡಿಯೋಕ್ಕೂ ನ್ಯಾಯವಾದ ದರ ಬೇಕೆಂದು ಚಳವಳಿ ಮಾಡುವವರು ಹಿಡಿದುಕೊಳ್ಳಬೇಕಾದ ಕಾಗದ ಅದು.

ಹೋರಾಟಕ್ಕೆ ಮೇಲ್ಪಂಕ್ತಿ ಬೇಕಿದ್ದರೆ ಅಮೆರಿಕದಲ್ಲಿದೆ. 2002ರಲ್ಲಿ ಅಲ್ಲಿ ಇಂಟರ್‌ನೆಟ್ ರೇಡಿಯೋಕ್ಕೆ ಒಂದು ಹಾಡಿಗೆ, ಒಬ್ಬ ಕೇಳುಗನಿಗೆ 0.07 ಸೆಂಟ್ ಎಂದು ದರ ಕಟ್ಟಿದರು. ಕೇಳಿದರೆ ಜುಜುಬಿ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ: ತಾಸಿಗೆ 15 ಹಾಡು, ಹಗಲೂ ರಾತ್ರಿ ಸರಾಸರಿ 100 ಜನ ಕೇಳುತ್ತಿದ್ದಾರೆ ಎಂದರೆ ತಿಂಗಳಿಗೆ ಸುಮಾರು 750 ಡಾಲರ್. ಜಾಹೀರಾತಿಲ್ಲದೆ, ಸ್ವಂತ ಖರ್ಚಿನಲ್ಲಿ, ಹವ್ಯಾಸಕ್ಕೆ ನಡೆಸುವವರು ಎಲ್ಲಿಂದ ತರಬೇಕು? ಈ ಪದ್ಧತಿಯಲ್ಲಿ ಕೇಳುಗರು ಹೆಚ್ಚಿದಷ್ಟೂ ನಷ್ಟ. ಗಲಾಟೆಯಾಯಿತು, ಅದೇ ವರ್ಷದ ಕೊನೆಗೆ ಅಲ್ಲಿನ ಸಂಸತ್ತು ಕಾನೂನು ಮಾಡಿ, ಸಣ್ಣ ಕೇಂದ್ರಗಳು ಆದಾಯದ ಶೇಕಡಾವಾರು ಲೆಕ್ಕದಲ್ಲಿ ಕೊಡುವ ದಾರಿ ತೆರೆಯಿತು. 2007ರಲ್ಲಿ ದರ ಮತ್ತೆ ಏರಿತು. 2010ರ ಹೊತ್ತಿಗೆ 0.19 ಸೆಂಟ್‌ಗೆ ಹೋಗುವ ಹಾಗೆ ವರ್ಷವರ್ಷದ ಏರಿಕೆಯ ಪಟ್ಟಿಯೇ ಬಂತು. 2007ರ ಜೂನ್ 26ರಂದು ಸಾವಿರಾರು ಇಂಟರ್‌ನೆಟ್ ಕೇಂದ್ರಗಳು ಹಾಡು ನಿಲ್ಲಿಸಿ ಮೌನ ದಿನ ಆಚರಿಸಿದವು. ಕೇಳುಗರು ತಮ್ಮ ಸಂಸದರಿಗೆ ಫೋನ್ ಮಾಡಿದರು. 2009ರಲ್ಲಿ ಮತ್ತೆ ಶೇಕಡಾವಾರು ಒಪ್ಪಂದಗಳಾದವು. 2015ರ ಕೊನೆಗೆ ಅವು ಮುಗಿದವು, 2016ರ ಜನವರಿ ಕೊನೆಗೆ ಲೈವ್365 ಎಂಬ ಹಳೆಯ ಜಾಲ ಬಾಗಿಲು ಹಾಕಿತು. ಅಲ್ಲಿನ ಗೋಪುರದ ರೇಡಿಯೋ ಧ್ವನಿಮುದ್ರಣದ ಗಾಯಕರಿಗಾಗಲಿ ಕಂಪನಿಗಾಗಲಿ ಒಂದು ಕಾಸೂ ಕೊಡುವುದಿಲ್ಲ ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಸಣ್ಣ ರೇಡಿಯೋದ ಬಗ್ಗೆ ಅಸಡ್ಡೆ ತೋರುವ ಮುನ್ನ ಒಂದು ವಿಷಯ ನೆನೆಯೋಣ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರೇಷಕ ಇಟ್ಟು ರೇಡಿಯೋ ಶುರುಮಾಡಿದರು. ಇಡೀ ದೇಶದ ರೇಡಿಯೋಕ್ಕೆ ಆಕಾಶವಾಣಿ ಎಂಬ ಹೆಸರು ಬಂದದ್ದು ಆ ಮನೆಯಿಂದ. ಮುಂದೆ 1952ರಲ್ಲಿ, ಬಿ.ವಿ. ಕೇಸ್ಕರ್ ಮಂತ್ರಿಯಾಗಿದ್ದಾಗ, ಸಿನಿಮಾ ನಿರ್ಮಾಪಕರಿಗೂ ಆಕಾಶವಾಣಿಗೂ ಜಟಾಪಟಿಯಾಗಿ ನಿರ್ಮಾಪಕರು ಹಾಡುಗಳ ಪರವಾನಗಿ ಹಿಂದಕ್ಕೆ ಪಡೆದರು. ಜನ ರೇಡಿಯೋ ಸಿಲೋನಿಗೆ ತಿರುಗಿಸಿದರು. 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಹುಟ್ಟಬೇಕಾಯಿತು. ಹಾಡಿನ ಒಡೆಯರೂ ಪ್ರಸಾರದ ಒಡೆಯರೂ ಜಗಳಕ್ಕೆ ನಿಂತರೆ ಕೇಳುಗ ಬೇರೆ ಊರಿನ ಅಲೆ ಹುಡುಕಿಕೊಳ್ಳುತ್ತಾನೆ. ಈಗಿನ ಕೇಳುಗ ಹೋಗುವುದು ದೊಡ್ಡ ಆಪ್‌ಗೆ. ಅಲ್ಲಿ ಅವನಿಗೆ ಭಟ್ಕಳದ ನವಾಯತಿ ಹಾಡು, ಹವ್ಯಕರ ಮದುವೆ ಹಾಡು ಸಿಗುವುದು ಅಪರೂಪ.

ಸಮುದಾಯ ರೇಡಿಯೋ ಮಾಡಿ ಎನ್ನುವವರಿದ್ದಾರೆ. ಮಾಡಬಹುದು. ಆದರೆ ಅದರ ಪ್ರಸಾರ ಶಕ್ತಿಗೆ ಸಾಮಾನ್ಯವಾಗಿ 100 ವ್ಯಾಟ್ ಮಿತಿ, ಪರವಾನಗಿ ಸಂಸ್ಥೆಗಳಿಗೆ ಮಾತ್ರ. ಒಂದು ಕಡೆ ಘಟ್ಟ, ಒಂದು ಕಡೆ ಸಮುದ್ರ, ನಡುವೆ ಶರಾವತಿ ಅಘನಾಶಿನಿಗಳ ಅಳಿವೆ ಇರುವ ನಮ್ಮ ಸೀಮೆಯಲ್ಲಿ ಅದರ ದನಿ ಎಷ್ಟು ದೂರ ಹೋದೀತು? ಊರು ಬಿಟ್ಟವರೇ ಹೆಚ್ಚು ಕೇಳುಗರಾಗಿರುವ ತಾಲೂಕುಗಳಿಗೆ ಇಂಟರ್‌ನೆಟ್ಟೇ ಸರಿ.

ಇಷ್ಟು ಹೇಳಿದ ಮೇಲೆ, ಚಳವಳಿಯ ಗೆಳೆಯರಿಗೆ ಒಪ್ಪಿಗೆಯಾಗದ ಮಾತೊಂದನ್ನೂ ಹೇಳಬೇಕಾಗಿದೆ. ರಾಯಧನವೇ ಬೇಡ, ನಮಗೆ ಮಾಫಿ ಮಾಡಿ ಎಂಬ ಬೇಡಿಕೆ ಅಲ್ಲಲ್ಲಿ ಕೇಳುತ್ತಿದೆ. ನಾವು ಅದಕ್ಕೆ ಸಹಿ ಹಾಕುವುದಿಲ್ಲ. 2012ರ ತಿದ್ದುಪಡಿಯಲ್ಲಿ ಇನ್ನೊಂದು ದೊಡ್ಡ ಕೆಲಸವೂ ಆಗಿದೆ. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಧನದ ಪಾಲನ್ನು ಕಂಪನಿಗೆ ಪೂರ್ತಿ ಬರೆದುಕೊಡುವ ಹಾಗಿಲ್ಲ ಎಂದಾಯಿತು. ಅದಕ್ಕಾಗಿ ರಾಜ್ಯಸಭೆಯಲ್ಲಿ ಜಾವೇದ್ ಅಖ್ತರ್ ಜಗಳವಾಡಿದ್ದು ಎಲ್ಲರಿಗೂ ಗೊತ್ತು. ಮಾಫಿ ಕೇಳಿದರೆ ಕಂಪನಿಯ ಜೊತೆಗೆ ಕವಿಯ ಪಾಲೂ ಹೋಗುತ್ತದೆ. ಬೇಕಾದದ್ದು ಆದಾಯಕ್ಕೆ ತಕ್ಕ ಪಾಲು, ಆದಾಯವೇ ಇಲ್ಲದವರಿಗೆ ವರ್ಷಕ್ಕೊಂದು ಸಣ್ಣ ಮೊತ್ತ, ಒಂದೇ ಕಡೆ ಕಟ್ಟುವ ವ್ಯವಸ್ಥೆ. ಇವತ್ತು ಒಂದು ಹಾಡು ಹಾಕಬೇಕೆಂದರೆ ಧ್ವನಿಮುದ್ರಣಕ್ಕೆ ಒಬ್ಬರು, ಸಾಹಿತ್ಯ ಸಂಗೀತಕ್ಕೆ ಇನ್ನೊಬ್ಬರು, ಹೀಗೆ ಬಾಗಿಲು ತಟ್ಟುತ್ತ ಹೋಗಬೇಕು. ಹಣಕ್ಕಿಂತ ಈ ಓಡಾಟವೇ ಸಣ್ಣವರನ್ನು ಸುಸ್ತು ಮಾಡುತ್ತದೆ.

ನಮ್ಮ ಕರಾವಳಿಯ ಕಲೆಗೆ ಈ ಪಾಲಿನ ಪ್ರಶ್ನೆ ಇನ್ನೂ ಗಂಭೀರ. ಯಕ್ಷಗಾನದ ಭಾಗವತರಾದ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅವರ ಪದ್ಯದ ಕ್ಯಾಸೆಟ್ ಇಲ್ಲದ ಬಾಡಿಗೆ ಕಾರು ಆ ಕಾಲದಲ್ಲಿ ಕರಾವಳಿಯ ರಸ್ತೆಯಲ್ಲಿ ಓಡಾಡುತ್ತಿತ್ತೇ? ಕಡತೋಕಾ ಮಂಜುನಾಥ ಭಾಗವತರು, ಇಡಗುಂಜಿ ಮೇಳದಲ್ಲಿ ಕೆರೆಮನೆಯವರ ಕುಣಿತಕ್ಕೆ ಪದ್ಯ ಹೇಳಿದ ನೆಬ್ಬೂರು ನಾರಾಯಣ ಭಾಗವತರು, ಇವರ ದನಿ ಮನೆಮನೆಯಲ್ಲಿ ಕೇಳಿತು. ಹಾಡಿದವರಿಗೆ ಸಾಮಾನ್ಯವಾಗಿ ಆವತ್ತು ಕೈಗೆ ಬಂದ ಗೌರವಧನವೇ ಕೊನೆ. ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಹಾಲಕ್ಕಿಗಳ ಆ ಹಾಡುಗಳಿಗೆ ಒಡೆಯರೆಂದು ಯಾರೂ ಇಲ್ಲ. ಆದರೆ ಅವನ್ನು ಮೈಕ್ ಹಿಡಿದು ಮುದ್ರಿಸಿದವನು ಆ ಮುದ್ರಣಕ್ಕೆ 60 ವರ್ಷ ಒಡೆಯ. ಪರಂಪರೆಯ ಕಲೆಯಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆ ಎಷ್ಟು ಜಟಿಲವೆಂಬುದಕ್ಕೆ ಶಿವರಾಮ ಕಾರಂತರ ಯಕ್ಷರಂಗ ಎಂಬ ಯಕ್ಷಗಾನ ಬ್ಯಾಲೆಯ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2009ರಲ್ಲಿ ತೀರ್ಮಾನವಾದದ್ದೇ ಸಾಕ್ಷಿ.

ಈಗಿನ ಅವಸ್ಥೆ ನೋಡಿ. ಬಯಲಾಟ ಶುರುವಾಗುವ ಮೊದಲು ಮೈಕ್‌ಸೆಟ್‌ನವನು ಒಂದು ಸಿನಿಮಾ ಹಾಡು ಹಾಕಿರುತ್ತಾನೆ. ಮುಂದಿನ ಸಾಲಿನಲ್ಲಿ ಮೊಬೈಲ್ ನಿಲ್ಲಿಸಿ ಲೈವ್ ಬಿಟ್ಟವನ ಪ್ರಸಾರಕ್ಕೆ ಆ ಹಾಡಿನ ಎರಡು ಸಾಲು ಸೇರಿತೋ, ಯಂತ್ರ ಅದನ್ನು ಗುರುತು ಹಿಡಿದು ಸದ್ದಡಗಿಸುತ್ತದೆ. ಕಂಪನಿಯ ಎರಡು ಸಾಲಿಗೆ ಇಷ್ಟು ಕಾವಲು. ಅದೇ ರಾತ್ರಿ ಬೆಳಗಿನ ತನಕ ಹಾಡುವ ಭಾಗವತರ ಪದ್ಯವನ್ನು ಯಾರು ಎಲ್ಲಿ ಬಿಟ್ಟರೂ ಕೇಳುವವರಿಲ್ಲ.

ಹಾಗಾಗಿ ದೆಹಲಿಗೆ ಅರ್ಜಿ ಹೋಗಲಿ, ನಮ್ಮ ಸಂಸದರ ಕೈಗೂ ಒಂದು ಪ್ರತಿ ಕೊಡೋಣ. ಜೊತೆಗೆ, ಸಣ್ಣ ರೇಡಿಯೋ ನಡೆಸುವ ಗೆಳೆಯರಿಂದ ಒಂದು ನಿರೀಕ್ಷೆ ಇದೆ. ಪಾಲು ಹಂಚಬೇಕಾದರೆ ಯಾರ ಹಾಡು ಎಷ್ಟು ಸಲ ಬಂತೆಂದು ದಾಖಲೆ ಇರಬೇಕು. ನಿಮ್ಮಲ್ಲಿ ಬಹಳ ಜನ ಈಗೊಂದು ಯಕ್ಷಗಾನ ಪದ್ಯ ಎಂದಷ್ಟೇ ಹೇಳಿ ಮುಗಿಸುತ್ತೀರಿ. ಪ್ರಸಂಗ ಯಾವುದು, ಕವಿ ಯಾರು, ಭಾಗವತರು ಯಾರು, ಮದ್ದಲೆ ಚಂಡೆಗೆ ಯಾರಿದ್ದರು ಎಂದು ಹೇಳಿ, ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡಿ. ಅದಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ.