ಒಂದು ಸೊನ್ನೆಯ ಬೆಲೆ

ಹೋದ ಹಿಂಗಾರಿಗೆ ಅಣ್ಣಿಗೇರಿಯ ನಮ್ಮ ಎರಿ ಹೊಲದ ಕಡಲೆಗೆ ಕಾಯಿಕೊರಕ ಬಿದ್ದಿತ್ತು. ಔಷಧದ ಪ್ಯಾಕೆಟ್ಟಿನ ಮೇಲಿನ ಇಂಗ್ಲಿಷ್ ಓದಿ, ಒಂದು ಲೀಟರ್ ನೀರಿಗೆ '.5 ಗ್ರಾಂ' ಎಂದು ಚೀಟಿ ಬರೆದುಕೊಟ್ಟೆ. ಸ್ವಲ್ಪ ಹೊತ್ತಿಗೆ ಹೊಲದಿಂದ ಅಪ್ಪನ ಫೋನ್: "ಲೀಟರಿಗೆ ಐದು ಗ್ರಾಂ ಭಾಳ ಆತಲ್ಲೋ ತಮ್ಮಾ, ಬರೊಬ್ಬರಿ ನೋಡಿ ಬರದೀ ಏನು?"

ನಾನು ಇಟ್ಟ ಚುಕ್ಕಿ ಅವರಿಗೆ ಕಂಡಿರಲಿಲ್ಲ. ಅವರಿಗೆ ಅನುಮಾನ ಬಾರದಿದ್ದರೆ ಹತ್ತು ಪಟ್ಟು ಔಷಧ ಬೆಳೆಯ ಮೇಲೆ ಬೀಳುತ್ತಿತ್ತು. '0.5' ಎಂದು ಬರೆದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ದಶಮಾಂಶ ಚುಕ್ಕಿಯ ಹಿಂದೆ ಸೊನ್ನೆ ಬಿಡಬಾರದು ಎಂಬುದನ್ನು ಬಿ.ಇ. ತರಗತಿಯಲ್ಲಿ ಕೇಳಿದ್ದೆ. ಪರೀಕ್ಷೆಗಷ್ಟೇ ಬೇಕಾದದ್ದು ಎಂದು ಮರೆತಿದ್ದೆ.

ಇಂಗ್ಲಿಷಿನಲ್ಲಿ ಅಂಕಿ ಬರೆಯಲು ಇಂಥ ಹಲವು ನಿಯಮಗಳಿವೆ. ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಒಂದರಿಂದ ಒಂಬತ್ತರವರೆಗೆ ಅಕ್ಷರ, 10ರಿಂದ ಮುಂದೆ ಅಂಕಿ. ನೂರರವರೆಗೂ ಅಕ್ಷರದಲ್ಲೇ ಬರೆಯುವ ಪುಸ್ತಕಗಳೂ ಉಂಟು. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೆ ಪಾಲಿಸಬೇಕು. ತೂಕ, ಅಳತೆ ಬಂದಲ್ಲಿ ಮಾತ್ರ 5 ಕೆ.ಜಿ., 9 ವೋಲ್ಟ್ ಎಂದು ಅಂಕಿಯೇ ಸರಿ. ವಾಕ್ಯವನ್ನು ಅಂಕಿಯಿಂದ ಆರಂಭಿಸಬಾರದು. ಎರಡು ಸಂಖ್ಯೆ ಪಕ್ಕಪಕ್ಕ ಬಂದರೆ ಒಂದನ್ನು ಅಕ್ಷರದಲ್ಲಿ ಬರೆಯಬೇಕು. '12 50 ಕೆ.ಜಿ. ಚೀಲ' ಎಂದರೆ ಅವಸರದಲ್ಲಿ 1250 ಎಂದು ಓದಿಬಿಡುತ್ತೇವೆ. 'ಹನ್ನೆರಡು 50 ಕೆ.ಜಿ. ಚೀಲ' ಎಂದರೆ ತಕರಾರಿಲ್ಲ.

ಅಲ್ಪವಿರಾಮದ್ದೂ ಇದೇ ಕಥೆ. ಮೂರು ಲಕ್ಷವನ್ನು ನಾವು 3,00,000 ಎಂದು ಬರೆದರೆ ಅಮೆರಿಕದವರು 300,000 ಎನ್ನುತ್ತಾರೆ. ಎರಡೂ ಸರಿಯೇ. ಒಂದೇ ರೆಸ್ಯೂಮೆಯಲ್ಲಿ ಎರಡೂ ಬೆರೆತರೆ ಓದುವವರು ತಡವರಿಸುತ್ತಾರೆ.

ಕಾನೂನಿಗೂ ಇದರ ಮಹತ್ವ ಗೊತ್ತು. ಚೆಕ್‌ನಲ್ಲಿ ಅಂಕಿಯ ಮೊತ್ತಕ್ಕೂ ಅಕ್ಷರದ ಮೊತ್ತಕ್ಕೂ ವ್ಯತ್ಯಾಸವಿದ್ದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ ಎನ್ನುತ್ತದೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ. ಅಂಕಿಗೆ ಒಂದು ಸೊನ್ನೆ ಸೇರಿಸುವುದು ಸುಲಭ. ಅಕ್ಷರ ತಿದ್ದುವುದು ಅಷ್ಟು ಸುಲಭವಲ್ಲ.

ಕನ್ನಡ ಮಾಧ್ಯಮದಿಂದ ಬಂದ ನಮಗೆ ಇಂಗ್ಲಿಷ್ ವ್ಯಾಕರಣವೆಂದರೆ ಅಳುಕು. ಆದರೆ ಅಂಕಿಗಳ ಈ ನಿಯಮಗಳಿಗೆ ದೊಡ್ಡ ಇಂಗ್ಲಿಷ್ ಬೇಡ. ಒಂದು ಗಂಟೆಯಲ್ಲಿ ಕಲಿಯಬಹುದು. ಉದ್ಯೋಗ ಮೇಳಕ್ಕೆ ಮುನ್ನ ಟೈ ಕಟ್ಟುವುದು, ಕೈ ಕುಲುಕುವುದನ್ನೆಲ್ಲ ಹೇಳಿಕೊಡುವ ತರಬೇತಿಯಲ್ಲಿ ಆ ಒಂದು ಗಂಟೆಯನ್ನು ಇದಕ್ಕೂ ಕೊಡಲಿ. ನಾಳೆ ನಾವು ಬರೆಯುವ ಅಳತೆ ನೋಡಿ ಯಾರೋ ಕಬ್ಬಿಣ ಕತ್ತರಿಸುತ್ತಾರೆ, ಯಾರೋ ಔಷಧ ಬೆರೆಸುತ್ತಾರೆ. ನಮ್ಮಪ್ಪನ ಹಾಗೆ ಎಲ್ಲರೂ ಫೋನ್ ಮಾಡಿ ಕೇಳುವುದಿಲ್ಲ.

ಈಗ ನಾನು ಯಾವ ವರದಿ ಕೊಡುವ ಮೊದಲೂ ಅದರ ಅಂಕಿಗಳನ್ನಷ್ಟೇ ಒಮ್ಮೆ ಗಟ್ಟಿಯಾಗಿ ಓದುತ್ತೇನೆ. ಇವತ್ತು ರಾತ್ರಿ ನಿಮ್ಮ ರೆಸ್ಯೂಮೆ ತೆಗೆದು ನೀವೂ ಹಾಗೆ ಓದಿ ನೋಡಿ.