ಉಯಿಲಿಗೆ ಮುಂಚೆ ಪಟ್ಟಾ ಕೇಳುವ ವಕೀಲರು

ನೀಲಗಿರಿಯಲ್ಲಿ ಉಯಿಲಿನ ಮಾತು ಎತ್ತಿದರೆ ಸಾಕು, ಕೋಟಗಿರಿ ಕಡೆಯ ಕೊಡನಾಡಿನ ಹೆಸರು ಬಂದೇ ಬರುತ್ತದೆ. ನಮ್ಮ ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿ, ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದಾಗಲೇ 2016ರ ಡಿಸೆಂಬರ್ 5ರಂದು ತೀರಿಕೊಂಡ ಜಯಲಲಿತಾ ಅವರು ಆ ಎಸ್ಟೇಟಿನ ಪಾಲುದಾರರಲ್ಲಿ ಒಬ್ಬರು. ಹೇಳಿಕೇಳಿ ಮುಖ್ಯಮಂತ್ರಿ. ಕರೆದರೆ ಓಡಿ ಬರುವ ವಕೀಲರಿಗೆ ಬರವಿರಲಿಲ್ಲ. ಆದರೂ ಅವರು ಬರೆದಿಟ್ಟ ಉಯಿಲು ಒಂದೂ ಸಿಗಲಿಲ್ಲ. ಅಣ್ಣನ ಮಕ್ಕಳಾದ ದೀಪಕ್ ಮತ್ತು ದೀಪಾ ಅವರೇ ಕಾನೂನುಬದ್ಧ ವಾರಸುದಾರರು ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದು 2020ರ ಮೇ ತಿಂಗಳಲ್ಲಿ. ಮೂರೂವರೆ ವರ್ಷ ಹಿಡಿಯಿತು.

ಮದುವೆಯಾಗದ, ಮಕ್ಕಳಿಲ್ಲದ, ತಂದೆತಾಯಿಯೂ ಇಲ್ಲದ ಹಿಂದೂ ಹೆಣ್ಣುಮಗಳು ಉಯಿಲು ಮಾಡದೆ ಹೋದರೆ ಆಸ್ತಿ ತಂದೆಯ ಕಡೆಯ ವಾರಸುದಾರರಿಗೆ ಇಳಿಯುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಹೇಳುವುದು ಇದನ್ನೇ. ಅಂದರೆ ನಾವು ಉಯಿಲು ಬರೆಯದಿದ್ದರೆ ನಮ್ಮ ಪರವಾಗಿ ಸರ್ಕಾರದ ಕಾಯ್ದೆಯೇ ಒಂದು ಉಯಿಲು ಬರೆದಿಟ್ಟಿರುತ್ತದೆ. ಅದರಲ್ಲಿ ನಮಗೆ ಬೇಕಾದವರ ಹೆಸರು ಇರಬಹುದು, ಇಲ್ಲದೆಯೂ ಇರಬಹುದು.

ದೊಡ್ಡವರ ವಿಷಯ ಅಲ್ಲಿಗೆ ಬಿಡೋಣ. ನನ್ನ ಮಾತು ಎರಡೆಕರೆ ಟೀ ತೋಟದವರ, ಗುಂಡ್ಲುಪೇಟೆಯಲ್ಲಿ ಹೊಲ ಇಟ್ಟುಕೊಂಡು ಮಸಿನಗುಡಿಯಲ್ಲಿ ಅಂಗಡಿ ನಡೆಸುವವರ, ಮೇಟುಪಾಳ್ಯಂ ಮಂಡಿಗೆ ಆಲೂಗಡ್ಡೆ ಕಳಿಸುವವರ ಬಗ್ಗೆ. ಇವರಿಗೆ ಬೇಕಾದ ವಕೀಲರು ಯಾರು?

‘ಸೀನಿಯರ್ ಲಾಯರ್ ಹತ್ರ ಬರೆಸಿದ್ದೀವಿ, ಏನೂ ಆಗಲ್ಲ ಬಿಡಿ’ ಎಂದು ಎದೆ ತಟ್ಟಿಕೊಂಡು ಹೇಳುವವರಿದ್ದಾರೆ. ಇಲ್ಲಿ ಒಂದು ತಮಾಷೆ ಇದೆ. 1961ರ ವಕೀಲರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ‘ಸೀನಿಯರ್ ಅಡ್ವೊಕೇಟ್’ ಎಂಬುದು ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಕೊಡುವ ಪದವಿ. ಆ ಪದವಿ ಬಂದ ಮೇಲೆ ವಕಾಲತ್ತು ಹಾಕುವಂತಿಲ್ಲ, ದಾವೆಯ ಕಾಗದ ಬರೆಯುವ ಕೆಲಸ ಒಪ್ಪಿಕೊಳ್ಳುವಂತಿಲ್ಲ, ಆಸ್ತಿ ದಸ್ತಾವೇಜು ತಯಾರಿಸುವಂತಿಲ್ಲ. ಬಾರ್ ಕೌನ್ಸಿಲ್‌ನ ನಿಯಮ ಅದು. ಬೇರೆ ವಕೀಲರು ಬರೆದು ತಂದದ್ದನ್ನು ಅವರ ಜೊತೆ ಕೂತು ತಿದ್ದಿಕೊಡಬಹುದು, ಅಷ್ಟೆ. ಅಂದಮೇಲೆ ರೈತನನ್ನು ಎದುರಿಗೆ ಕೂರಿಸಿಕೊಂಡು ಉಯಿಲು ಬರೆದುಕೊಡುವವರು ಆ ಗೌನಿನವರಲ್ಲ. ಊಟಿ, ಕೂನೂರು, ಗೂಡಲೂರು ಕೋರ್ಟುಗಳಲ್ಲಿ ಮೂವತ್ತು ನಲವತ್ತು ವರ್ಷ ಕಪ್ಪು ಕೋಟು ಸವೆಸಿ ತಲೆ ನೆರೆತವರು. ನಾವು ‘ಹಿರಿಯ ವಕೀಲರು’ ಎನ್ನುವುದು ಇವರನ್ನೇ. ಹಣೆಪಟ್ಟಿ ಇಲ್ಲದ ಸೀನಿಯರುಗಳು.

ಇಂಥವರ ವೃತ್ತಿ ಜೀವನ ಹೇಗೆ ಬೆಳೆಯುತ್ತದೆ ಎಂಬುದು ಬಹಳ ಮಂದಿಗೆ ತಿಳಿಯದ ಸಂಗತಿ. ಕೋರ್ಟಿನಲ್ಲಿ ಏರುದನಿಯಲ್ಲಿ ವಾದ ಮಾಡಿ ಹೆಸರು ಮಾಡಿದವರಲ್ಲ ಇವರು. ಜೂನಿಯರ್ ಆಗಿದ್ದಾಗ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಇ.ಸಿ.ಗೆ ಕಾದು ನಿಂತವರು. ಹಳೆಯ ಪಾಲುಪಟ್ಟಿ ಓದುತ್ತಾ ಓದುತ್ತಾ ಯಾವ ಹಟ್ಟಿಯಲ್ಲಿ ಯಾವ ಅಜ್ಜನಿಗೆ ಎಷ್ಟು ಮಕ್ಕಳು ಎಂಬ ವಂಶಾವಳಿ ಬಾಯಿಗೆ ಬಂದಿರುತ್ತದೆ. ಹಾಸಿಗೆ ಹಿಡಿದವರ ಮನೆಗೆ ಮಳೆಯಲ್ಲಿ ಹೋಗಿ, ಸುತ್ತ ನಿಂತ ಮಕ್ಕಳನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಯಜಮಾನರ ಬಾಯಿಂದಲೇ ಮಾತು ಕೇಳಿಸಿಕೊಂಡವರು. ಆ ಬಾಗಿಲು ಹಾಕುವ ಧೈರ್ಯ ಬರಲಿಕ್ಕೆ ಇಪ್ಪತ್ತು ವರ್ಷ ಬೇಕು ಎಂದು ನನ್ನ ಎಣಿಕೆ. ಹೊಸಬರು ಯಾರ ಕಾರಿನಲ್ಲಿ ಬಂದರೋ ಆ ಮಗನ ಎದುರಿಗೇ ಬರೆಯಲು ಕೂತುಬಿಡುತ್ತಾರೆ. ಮುಂದೆ ತಕರಾರಿಗೆ ಅದೇ ಬೇರು.

ಒಳ್ಳೆಯ ವಕೀಲರು ಉಯಿಲಿಗೆ ಬಂದವರನ್ನು ಮೊದಲು ಕೇಳುವುದು ‘ಯಾರಿಗೆ ಕೊಡ್ತೀರಿ’ ಎಂದಲ್ಲ.

‘ಗೌಡ್ರೆ, ಪಟ್ಟಾ ಯಾರ ಹೆಸರಲ್ಲಿದೆ?’

‘ನಮ್ಮ ಅಪ್ಪಂದು ಸಾರ್. ಅಲ್ಲ, ಅಪ್ಪನ ಅಪ್ಪಂದು ಇರಬೇಕು.’

‘ಹಾಗಾದ್ರೆ ನಿಮ್ಮದು ಏನಿದೆ ಕೊಡೋದಕ್ಕೆ?’

ಬಡಗರ ಹಟ್ಟಿಗಳಲ್ಲಿ ಅಜ್ಜನ ಕಾಲದ ಕೂಟ್ಟುಪಟ್ಟಾ ಇನ್ನೂ ಒಡೆಯದೆ ಇರುವ ಕುಟುಂಬಗಳು ಎಷ್ಟೋ. ಅನುಭೋಗದಲ್ಲಿ ‘ಈ ಬೇಲಿ ಈಚೆ ನಂದು, ಆಚೆ ದೊಡ್ಡಪ್ಪನ ಮಕ್ಕಳದು’ ಎಂದು ನಡೆದುಬಂದಿರುತ್ತದೆ. ಕಾಗದದಲ್ಲಿ ಬೇಲಿಯೇ ಇಲ್ಲ. ಉಯಿಲಿನಲ್ಲಿ ಅದನ್ನು ತನ್ನ ಸ್ವಂತದ್ದು ಎಂದು ಬರೆದರೆ ಶಾಯಿ ಆರುವ ಮುಂಚೆ ದಾಯಾದಿಗಳು ಎದ್ದು ನಿಲ್ಲುತ್ತಾರೆ.

ಅದಕ್ಕಿಂತ ದೊಡ್ಡ ಗಂಟು ಹೆಣ್ಣುಮಕ್ಕಳ ಪಾಲು. ಹಳೆ ಪದ್ಧತಿಯಲ್ಲಿ ಜಮೀನು ಗಂಡುಮಕ್ಕಳಿಗೆ, ಒಡವೆ ಹೆಣ್ಣುಮಕ್ಕಳಿಗೆ. ಕಾನೂನು ಆ ಪದ್ಧತಿಯನ್ನು ಬಿಟ್ಟು ಬಹಳ ದಿನವಾಯಿತು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ತಮಿಳುನಾಡು 1989ರ ಮಾರ್ಚ್ 25ರಿಂದ ಜಾರಿ ಮಾಡಿತು, ಕರ್ನಾಟಕ 1994ರ ಜುಲೈ 30ರಿಂದ. ಎರಡೂ ಕಡೆ ಆ ಹೊತ್ತಿಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗೆ ಇಟ್ಟಿದ್ದರು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದೇನೂ ಇಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕ್ರಮಬದ್ಧವಾಗಿ ಪಾಲಾಗಿ ಹೋಗಿದ್ದರೆ ಅದನ್ನು ಕೆದಕುವ ಹಾಗಿಲ್ಲ.

ಲೆಕ್ಕ ಹೀಗೆ. ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ಪಿತ್ರಾರ್ಜಿತ ನಾಲ್ಕೆಕರೆ. ಪಾಲು ನಾಲ್ಕು, ಅಪ್ಪನದು ಒಂದೆಕರೆ. ಆ ಒಂದೆಕರೆಯನ್ನು ಅಪ್ಪ ಯಾರಿಗೆ ಬೇಕಾದರೂ ಉಯಿಲು ಮಾಡಬಹುದು, ಕಾಯ್ದೆಯ 30ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಟ್ಟಿದೆ. ಮಿಕ್ಕ ಮೂರೆಕರೆ ಅವರ ಮಾತಿನಲ್ಲಿ ಇಲ್ಲವೇ ಇಲ್ಲ. ನಾಲ್ಕೂ ಎಕರೆ ಇಬ್ಬರು ಗಂಡುಮಕ್ಕಳಿಗೇ ಎಂದು ಬರೆಸಿ, ರಿಜಿಸ್ಟರ್ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು ನೆಮ್ಮದಿಯಾಗಿ ಮಲಗುವ ಹಿರಿಯರಿಗೆ ಈ ಲೆಕ್ಕವನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವವನೇ ವಕೀಲ. ‘ನೀವು ಹೇಳಿದ ಹಾಗೇ ಬರೀತೀನಿ’ ಎನ್ನುವವನು ಬರಹಗಾರ ಮಾತ್ರ.

ಇನ್ನು ಘಾಟಿ ಇಳಿದು ಗೂಡಲೂರಿಗೆ ಬಂದರೆ ಕಥೆಯೇ ಬೇರೆ. ಈ ಸೀಮೆ 1877ರವರೆಗೆ ಮಲಬಾರಿನ ವಯನಾಡಿಗೆ ಸೇರಿತ್ತು. ಭೂಮಿ ನಿಲಂಬೂರು ಕೋವಿಲಗಂನ ಜನ್ಮಂ. ಅದನ್ನು ರದ್ದು ಮಾಡುವ ಕಾಯ್ದೆ 1969ರಲ್ಲಿ ಆಯಿತು, ಜಾರಿಗೆ ಬಂದದ್ದು 1974ರ ನವೆಂಬರಿನಲ್ಲಿ. ಆ ಕಾಯ್ದೆಯ ತಕರಾರು ದೆಹಲಿಯವರೆಗೆ ಹೋಗಿ, 2007ರ ಜನವರಿ 11ರಂದು ಕೊಯೆಲ್ಹೊ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಸಂವಿಧಾನದ ಒಂಬತ್ತನೇ ಅನುಸೂಚಿಯ ಬಗ್ಗೆ ದೊಡ್ಡ ತೀರ್ಪನ್ನೇ ಕೊಟ್ಟರು. ಕಾನೂನು ಕಾಲೇಜುಗಳಲ್ಲಿ ಇವತ್ತಿಗೂ ಅದನ್ನು ಪಾಠ ಮಾಡುತ್ತಾರೆ. ಆದರೆ ‘ಸೆಕ್ಷನ್ 17 ಜಾಗ’ ಎಂದು ಬಾಯಲ್ಲೇ ಕರೆಯುವ ನೆಲದಲ್ಲಿ ಕಾಫಿ, ಟೀ, ಮೆಣಸು ಹಾಕಿಕೊಂಡು ದಶಕಗಟ್ಟಲೆ ಕಳೆದವರಿಗೆ ಆ ತೀರ್ಪಿನಿಂದ ಪಟ್ಟಾ ಏನೂ ಕೈಗೆ ಬರಲಿಲ್ಲ.

ಇಂಥ ನೆಲಕ್ಕೆ ಉಯಿಲು ಬರೆಯುವುದು ಹೇಗೆ? ‘ನನ್ನ ಸ್ವಂತ ಜಮೀನು’ ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಬರೆಯದೆ ಬಿಟ್ಟರೆ ಮಕ್ಕಳು ಗಿಡಕ್ಕೊಂದು ಜಗಳ ತೆಗೆಯುತ್ತಾರೆ. ಬಲ್ಲ ವಕೀಲರು ‘ನನ್ನ ಅನುಭೋಗದಲ್ಲಿರುವ ಜಾಗದಲ್ಲಿ ನನಗೆ ಎಷ್ಟು ಹಕ್ಕು ಇದೆಯೋ ಅಷ್ಟು, ನಾನು ಬೆಳೆಸಿದ ಗಿಡ, ಕಟ್ಟಿದ ಮನೆ’ ಎಂದು ಅಳೆದು ತೂಗಿ ಬರೆಯುತ್ತಾರೆ. ಮನೆ ತೆರಿಗೆ ರಸೀದಿ, ಕರೆಂಟು ಬಿಲ್ಲು, ಹಳೆಯ ಗೇಣಿ ಚೀಟಿ ಎಲ್ಲದರ ಪಟ್ಟಿ ಹಾಕಿಸುತ್ತಾರೆ. ಈ ಒಂದು ವಾಕ್ಯ ಸರಿಯಾಗಿ ಬರೆಯುವುದಕ್ಕೆ ಕೊಡುವ ಫೀಸು ದಂಡವಲ್ಲ ಎಂದೇ ನನ್ನ ಅಭಿಪ್ರಾಯ.

ಮಸಿನಗುಡಿ, ಸೀಗೂರು ಕಡೆ ಆನೆ ದಾರಿಯ ಮಾತು. ರಾಜ್ಯ ಸರ್ಕಾರದ 2010ರ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 14ರಂದು ಎತ್ತಿಹಿಡಿದು, ಜಾಗದವರ ಅಹವಾಲು ಕೇಳಲು ನಿವೃತ್ತ ನ್ಯಾಯಮೂರ್ತಿಯೊಬ್ಬರ ಸಮಿತಿಯನ್ನೂ ನೇಮಿಸಿತು. ಅಂಥ ಸರ್ವೆ ನಂಬರಿನ ಜಾಗ ಯಾರಿಗೆ ಬಿಟ್ಟುಹೋಗುತ್ತೀರೋ ಅವರಿಗೆ ಜಾಗದ ಜೊತೆ ಆ ಫೈಲೂ ಸೇರುತ್ತದೆ. ಆಕ್ಷೇಪಣೆಯ ನಕಲು ಎಲ್ಲಿದೆ ಎಂದು ಉಯಿಲಿನಲ್ಲೇ ಒಂದು ಸಾಲು ಬರೆಸುವುದು ಒಳ್ಳೆಯದು.

ಇರುಳರು, ಕುರುಂಬರು, ಪಣಿಯರು, ಕಾಟುನಾಯಕರು, ತೊದವರು, ಕೋತರು — ಈ ಪರಿಶಿಷ್ಟ ಪಂಗಡದವರಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವುದೇ ಇಲ್ಲ, ಅದರ 2ನೇ ಸೆಕ್ಷನ್ನಿನಲ್ಲೇ ಹಾಗಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಿಕ್ಕ ಜಮೀನು ವಾರಸಿನಿಂದ ಮಕ್ಕಳಿಗೆ ಇಳಿಯುತ್ತದೆ, ಮಾರುವಂತಿಲ್ಲ, ಬೇರೆಯವರಿಗೆ ವರ್ಗ ಮಾಡುವಂತಿಲ್ಲ. ಅಂಥ ಜಾಗವನ್ನು ‘ನನಗೆ ಉಯಿಲು ಮಾಡಿಕೊಟ್ಟಿದ್ದಾರೆ’ ಎಂದು ಯಾರಾದರೂ ಕಾಗದ ತೋರಿಸಿ ಮಾರಲು ಬಂದರೆ ನಮ್ಮ ವ್ಯಾಪಾರಿಗಳು ದುಡ್ಡು ಜೇಬಿನಿಂದ ತೆಗೆಯಲೇಬಾರದು.

ಸಾಕ್ಷಿಗಳ ವಿಷಯಕ್ಕೆ ಬರೋಣ. ಇಬ್ಬರು ಸಾಕ್ಷಿ ಬೇಕು ಎಂಬುದು ಎಲ್ಲರಿಗೂ ಗೊತ್ತು. ಮುಂದೆ ಕೋರ್ಟಿನಲ್ಲಿ ಅವರಲ್ಲಿ ಒಬ್ಬರಾದರೂ ಬದುಕಿದ್ದರೆ ಬಂದು ಹೇಳಬೇಕು ಎಂಬುದು ಕೆಲವರಿಗೆ ಮಾತ್ರ ಗೊತ್ತು. ಎಂಬತ್ತರ ಯಜಮಾನರು ತಮ್ಮದೇ ವಯಸ್ಸಿನ ಇಬ್ಬರು ಸ್ನೇಹಿತರನ್ನು ಸಾಕ್ಷಿ ಹಾಕಿಸಿದರೆ ಏನು ಪ್ರಯೋಜನ? ರಿಜಿಸ್ಟರ್ ಆಗಿದ್ದ ಮಾತ್ರಕ್ಕೆ ಉಯಿಲು ರುಜುವಾತಾದಂತೆ ಅಲ್ಲ. ಈ ವಿಷಯದಲ್ಲಿ ಇಡೀ ದೇಶದ ಕೋರ್ಟುಗಳು ಇಂದಿಗೂ ತೆಗೆದು ನೋಡುವ ತೀರ್ಪು ನಮ್ಮ ಮೈಸೂರು ಸೀಮೆಯದೇ: ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ, 1958ರ ನವೆಂಬರ್. ಉಯಿಲು ಮಾಡಿಸಲು ಮುಂದೆ ನಿಂತವರ ಮಕ್ಕಳಿಗೇ ಅದರಲ್ಲಿ ದೊಡ್ಡ ಲಾಭ ಇತ್ತು. ಅನುಮಾನ ಹುಟ್ಟುವ ಸಂದರ್ಭ ಇದ್ದರೆ ಅದನ್ನು ನಿವಾರಿಸುವ ಹೊಣೆ ಉಯಿಲು ಮುಂದಿಡುವವರದು ಎಂದು ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದರು. ಉಯಿಲು ನಿಲ್ಲಲಿಲ್ಲ.

ವಕೀಲರೇ ಸಾಕ್ಷಿ ಹಾಕಿದರೆ ಒಳ್ಳೆಯದಲ್ಲವೆ ಎಂದು ಕೇಳುವವರುಂಟು. ಹಾಕಬಹುದು. ಆದರೆ ಆಮೇಲೆ ಆ ಉಯಿಲಿನ ಮೊಕದ್ದಮೆ ಬಂದರೆ ಅವರು ವಾದ ಮಾಡಲಾಗದು, ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಮುಂದೆ ಬರುವ ದೊಡ್ಡ ಫೀಸನ್ನು ಬಿಟ್ಟು ಇವತ್ತೇ ಸಾಕ್ಷಿ ರುಜು ಹಾಕುವ ವಕೀಲರಿದ್ದರೆ ಅವರನ್ನು ಕೈ ಬಿಡಬೇಡಿ.

ಈಗ ನಮ್ಮ ಗಡಿಯವರಿಗೆ ತಟ್ಟುವ ಮುಖ್ಯ ಪ್ರಶ್ನೆ, ಭಾಷೆ. ಮನೆಯಲ್ಲಿ ಬಡಗ ಅಥವಾ ಕನ್ನಡ. ಉಯಿಲು ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ಕೊನೆಯಲ್ಲಿ ‘ಓದಿ ಹೇಳಲಾಗಿ ತಿಳಿದು ಒಪ್ಪಿ ರುಜು ಮಾಡಿದ್ದೇನೆ’ ಎಂಬ ಅಚ್ಚಿನ ಸಾಲು, ಕೆಳಗೆ ಹೆಬ್ಬೆಟ್ಟು. ಯಾವ ಭಾಷೆಯಲ್ಲಿ ಓದಿ ಹೇಳಿದರು, ಯಾರು ಹೇಳಿದರು ಎಂಬುದು ಕಾಗದದಲ್ಲಿ ಇರುವುದಿಲ್ಲ. ಎದುರು ವಕೀಲರು ಮೊದಲು ಹಿಡಿಯುವ ಎಳೆಯೇ ಅದು. ಉಯಿಲು ಇಂಥ ಭಾಷೆಯಲ್ಲೇ ಇರಬೇಕೆಂದು ಕಾನೂನು ಹೇಳಿಲ್ಲ. ಕನ್ನಡದಲ್ಲಿ ಧಾರಾಳವಾಗಿ ಬರೆಯಬಹುದು. ರಿಜಿಸ್ಟರ್ ಮಾಡಿಸುವುದು ಕಡ್ಡಾಯವೂ ಅಲ್ಲ. ಮಾಡಿಸಬೇಕೆಂದರೆ, ಆ ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲಿಲ್ಲದ, ಸಬ್ ರಿಜಿಸ್ಟ್ರಾರ್‌ಗೆ ಬಾರದ ಭಾಷೆಯಾದರೆ ಸರಿಯಾದ ತರ್ಜುಮೆಯನ್ನೂ ನಕಲನ್ನೂ ಜೊತೆಗಿಡಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆಯ 19ನೇ ಸೆಕ್ಷನ್. ‘ಕನ್ನಡದ್ದು ಇಲ್ಲಿ ನಡೆಯಲ್ಲ’ ಎಂದು ಕೌಂಟರಿನಲ್ಲಿ ವಾಪಸು ಕಳಿಸಿದರೆ ಆ ಸೆಕ್ಷನ್ ತೋರಿಸುವ ವಕೀಲರು ಜೊತೆಗಿರಬೇಕು. ಯಾರಿಗೂ ತೋರಿಸಲು ಇಷ್ಟವಿಲ್ಲದವರು ಲಕೋಟೆಗೆ ಅರಗು ಮುದ್ರೆ ಹಾಕಿ ಜಿಲ್ಲಾ ರಿಜಿಸ್ಟ್ರಾರ್ ಬಳಿ ಠೇವಣಿ ಇಡಲೂ ಅದೇ ಕಾಯ್ದೆಯಲ್ಲಿ ದಾರಿ ಇದೆ. ತೀರಿಕೊಂಡ ಮೇಲೆ ಅರ್ಜಿ ಕೊಟ್ಟವರ ಎದುರಿಗೇ ಒಡೆಯುತ್ತಾರೆ.

ಎರಡು ರಾಜ್ಯಗಳಲ್ಲಿ ಜಮೀನು ಇರುವವರಿಗೆ ಎರಡು ಉಯಿಲು ಬೇಕಿಲ್ಲ, ಒಂದೇ ಸಾಕು. ಅದರಲ್ಲಿ ಆ ಕಡೆಯ ಪಟ್ಟಾ ನಂಬರು, ಈ ಕಡೆಯ ಪಹಣಿಯ ಸರ್ವೆ ನಂಬರು ಎರಡೂ ಸ್ಪಷ್ಟವಾಗಿರಬೇಕು. ಖಾತೆ ಬದಲಾವಣೆಗೆ ಮಾತ್ರ ಎರಡೂ ತಾಲೂಕು ಕಚೇರಿ ಸುತ್ತುವುದು ತಪ್ಪಿದ್ದಲ್ಲ. ಅಂಗಡಿಯವರಿಗೆ ಇನ್ನೊಂದು ಮಾತು. ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೀನಲ್ಲ ಎಂದು ಸುಮ್ಮನಿರಬೇಡಿ. ನಾಮಿನಿ ದುಡ್ಡು ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವನೇ ಹೊರತು ಮಾಲೀಕನಲ್ಲ.

ಇಷ್ಟೆಲ್ಲ ತಿಳಿದ ವಕೀಲರಿಗೆ ಒಂದು ಉಯಿಲಿಗೆ ಸಿಗುವುದು ಒಂದು ಸಲದ ಸಣ್ಣ ಫೀಸು. ಕೆಟ್ಟ ಉಯಿಲಿನ ಮೊಕದ್ದಮೆಯಾದರೆ ಹದಿನೈದು ವರ್ಷ ವಾಯಿದೆ, ವಾಯಿದೆಗೊಂದು ಫೀಸು. ಹೀಗಿರುವಾಗ ಹುಡುಗರು ಯಾವ ದಾರಿ ಹಿಡಿಯುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಊಟಿ, ಗೂಡಲೂರು ವಕೀಲರ ಸಂಘಗಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಜೊತೆ ಸೇರಿ ಹಟ್ಟಿ ಹಟ್ಟಿಯಲ್ಲೂ, ಮಸಿನಗುಡಿ ಸಂತೆ ಕಡೆಯಲ್ಲೂ ಉಯಿಲಿನ ಶಿಬಿರ ನಡೆಸಲಿ. ಹೆಂಗಸರಿಗೆ, ಪರಿಶಿಷ್ಟರಿಗೆ 1987ರ ಕಾಯ್ದೆಯಡಿ ವಕೀಲರ ನೆರವು ಹೇಗೂ ಪುಕ್ಕಟೆ. ಹಿರಿಯ ವಕೀಲರು ಕೂರಲಿ, ಜೂನಿಯರುಗಳು ಪಕ್ಕದಲ್ಲಿ ಕೂತು ಬಾಗಿಲು ಹಾಕುವುದನ್ನು ಕಲಿಯಲಿ. ಗುಂಡ್ಲುಪೇಟೆಯ ವಕೀಲರೂ ಒಂದು ದಿನ ಬಂಡೀಪುರ ದಾಟಿ ಬಂದು ಪಹಣಿ ಪಟ್ಟಾಗಳನ್ನು ಜೊತೆಯಲ್ಲಿಟ್ಟು ನೋಡಲಿ. ಕನ್ನಡದಿಂದ ತಮಿಳಿಗೆ ಸರಿಯಾಗಿ ತರ್ಜುಮೆ ಮಾಡಬಲ್ಲ ನಾಲ್ಕು ಜನರ ಹೆಸರನ್ನು ಗೂಡಲೂರು ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲಿ ಅಂಟಿಸಲು ಸರ್ಕಾರದ ಆದೇಶ ಬೇಕಿಲ್ಲ, ಒಂದು ಹಾಳೆ ಕಾಗದ ಸಾಕು.