ಮೆಟ್ಟಿಲಿಲ್ಲದ ಬಾಗಿಲು ಎಲ್ಲಿದೆ?

ರೋಮ್, ಫ್ಲಾರೆನ್ಸ್‌ಗಳಿಗೆ ಹೊರಡುವ ನಮ್ಮ ಯಾತ್ರಿಕರು ಇಟಾಲಿಯನ್ ಭಾಷೆಯ ನಾಲ್ಕು ಮಾತುಗಳನ್ನು ಕಲಿತುಕೊಳ್ಳುವುದುಂಟು. ವಂದನೆ, ಬೆಲೆ, ದಾರಿ, ನೀರು: ಇಷ್ಟಾದರೆ ಸಾಕೆನಿಸುತ್ತದೆ. ತಂಡದಲ್ಲಿ ಗಾಲಿಕುರ್ಚಿಯಲ್ಲಿ ಸಂಚರಿಸುವವರಿದ್ದರೆ ಐದನೆಯ ಮಾತೊಂದು ಬೇಕಾಗುತ್ತದೆ. ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಅದನ್ನು ಕೇಳುವ ಬಗೆ ಕೇವಲ ವ್ಯಾಕರಣದ ಸಂಗತಿಯಲ್ಲವೆಂದು ನಮ್ಮ ಭಾವನೆ.

ಗಾಲಿಕುರ್ಚಿಗೆ ಅಲ್ಲಿ 'ಸೇದಿಯಾ ಆ ರೊತೆಲ್ಲೆ' ಎನ್ನುತ್ತಾರೆ. 'ಪೊಸ್ಸೊ ಎಂತ್ರಾರೆ?' ಅಂದರೆ 'ನಾನು ಒಳಗೆ ಬರಬಹುದೇ?' ಎಂದರೆ ಅಪ್ಪಣೆ ಬೇಡಿದಂತಾಯಿತು. ಕಾವಲುಗಾರನು ಸೌಜನ್ಯದಿಂದಲೇ 'ಸೀ' ಎಂದಾನು. ಮೆಟ್ಟಿಲು ಮಾತ್ರ ಇದ್ದಲ್ಲೇ ಇರುತ್ತದೆ. 'ದೊವೆ ಲಿಂಗ್ರೆಸ್ಸೊ ಸೆಂತ್ಸಾ ಗ್ರಾದೀನಿ?' ಅಂದರೆ 'ಮೆಟ್ಟಿಲಿಲ್ಲದ ಪ್ರವೇಶದ್ವಾರ ಎಲ್ಲಿದೆ?' ಎಂದಾಗ ವಿಚಾರಣೆ ವ್ಯಕ್ತಿಯ ದೇಹವನ್ನು ಬಿಟ್ಟು ಕಟ್ಟಡದ ಕಡೆಗೆ ತಿರುಗುತ್ತದೆ. ಮೊದಲನೆಯದರಲ್ಲಿ ಕೊರತೆ ಕುಳಿತವರದು, ಎರಡನೆಯದರಲ್ಲಿ ಕಟ್ಟಿದವರದು. ಇಟಲಿಯ ಕಾನೂನೂ ಇದೇ ನೋಟವನ್ನು ಒಪ್ಪಿದೆ. 1989ರ 13ನೆಯ ಕಾನೂನು ಮಾತನಾಡುವುದು 'ಬಾರಿಯೇರೆ ಆರ್ಕಿತೆತ್ತೋನಿಕೆ', ಅಂದರೆ ಕಟ್ಟಡವೇ ಒಡ್ಡುವ ಅಡೆತಡೆಗಳನ್ನು ಕುರಿತು. ಅದೇ ವರ್ಷದ ಸಚಿವಾಲಯದ ಆದೇಶವು ಕಟ್ಟಡದ ಪ್ರವೇಶದ್ವಾರ ಕನಿಷ್ಠ 80 ಸೆಂಟಿಮೀಟರ್ ಅಗಲವಿರಬೇಕೆಂದೂ ಇಳಿಜಾರುದಾರಿಯ ಏರು ಸಾಮಾನ್ಯವಾಗಿ ಶೇಕಡಾ 8ನ್ನು ಮೀರಬಾರದೆಂದೂ ವಿಧಿಸಿತು. ಒಂದು ಮೀಟರ್ ಎತ್ತರಕ್ಕೆ ಹನ್ನೆರಡೂವರೆ ಮೀಟರ್ ಉದ್ದದ ದಾರಿ ಎಂದರೆ ಅದರ ಹದ ತಿಳಿದೀತು.

ಹಳೆಯ ಕಟ್ಟಡಗಳಿಗೆ ಇದು ಸುಲಭವಲ್ಲ, ನಿಜ. ಫ್ಲಾರೆನ್ಸಿನ ಉಫಿತ್ಸಿಯನ್ನು ವಸಾರಿ 1560ರಲ್ಲಿ ಕಟ್ಟಲಾರಂಭಿಸಿದ್ದು ಸರಕಾರಿ ಕಚೇರಿಗಳಿಗಾಗಿ. ಇಂದು ಅಲ್ಲಿ ಲಿಫ್ಟ್ ಇದೆ. ಆದರೆ ಪ್ರಾಚೀನತೆಯೊಂದೇ ಕಾರಣವೆನ್ನಲಾಗದು. ವೆನಿಸ್‌ನ ದೊಡ್ಡ ಕಾಲುವೆಯ ಮೇಲೆ 2008ರಲ್ಲಿ ತೆರೆದ ಹೊಸ ಸೇತುವೆಗೂ ಮೆಟ್ಟಿಲುಗಳನ್ನೇ ಇಟ್ಟರು! ಅನಂತರ ಪಕ್ಕದಲ್ಲಿ ಜೋಡಿಸಿದ ಚಲಿಸುವ ಗೂಡು ಉಪಯೋಗಕ್ಕೆ ಬಾರದೆ 2020ರಲ್ಲಿ ತೆಗೆಯಲ್ಪಟ್ಟಿತು.

ಇಟಲಿಯ ಸರಕಾರಿ ವಸ್ತುಸಂಗ್ರಹಾಲಯಗಳಲ್ಲಿ ಅಂಗವಿಕಲರಿಗೂ ಜೊತೆಗಾರರೊಬ್ಬರಿಗೂ ಪ್ರವೇಶ ಉಚಿತ. ಇದು ಶ್ಲಾಘನೀಯವೇ. ಆದರೆ ಟಿಕೇಟಿನ ರಿಯಾಯಿತಿ ಮೆಟ್ಟಿಲನ್ನು ಕರಗಿಸುವುದಿಲ್ಲ.

ಆದುದರಿಂದ ಹೊರಡುವ ಮುನ್ನವೇ ವಿಚಾರಿಸುವುದು ಒಳ್ಳೆಯದು. 'ಸೋಲೊ ಉನ್ ಗ್ರಾದೀನೊ', ಒಂದೇ ಮೆಟ್ಟಿಲು, ಎಂಬ ಉತ್ತರಕ್ಕೆ ಸಮಾಧಾನಪಡಬಾರದು. ಗಾಲಿಗೆ ಆ ಒಂದು ಮೆಟ್ಟಿಲೇ ಗೋಡೆ. ಲಿಫ್ಟಿಗೆ 'ಅಶೆನ್ಸೋರೆ' ಎಂದು ಹೆಸರು. ಅದು ಇದೆಯೇ ಎಂಬುದರ ಜೊತೆಗೆ 'ಫುಂತ್ಸಿಯೋನಾ ಒಜ್ಜಿ?', ಇಂದು ನಡೆಯುತ್ತಿದೆಯೇ, ಎಂದೂ ಕೇಳಬೇಕು. ಸಾಧ್ಯವಿದ್ದಲ್ಲೆಲ್ಲ ಕುರ್ಚಿ ತಳ್ಳುವವರಲ್ಲ, ಕುರ್ಚಿಯಲ್ಲಿ ಕುಳಿತವರೇ ಕೇಳಲಿ; ಉತ್ತರ ಹೇಳುವವನು ಆಗ ಅವರ ಮುಖವನ್ನೇ ನೋಡಬೇಕಾಗುತ್ತದೆ. ಕುರ್ಚಿಯ ಅಗಲವನ್ನಂತೂ ಮನೆಯಲ್ಲೇ ಅಳೆದು ಬರೆದಿಟ್ಟುಕೊಳ್ಳತಕ್ಕದ್ದು.